ಗಾಳಿ ನೋಡಿ ಹಿಡಿದ ದಾರಿ: ನೆದರ್‌ಲ್ಯಾಂಡ್ಸ್‌ನ ಹೊಲಗಳ ನಡುವೆ ಸೈಕಲ್ಲು, ಒಂದು ಹಿಟ್ಟಿನ ಗಿರಣಿ

ನೆದರ್‌ಲ್ಯಾಂಡ್ಸ್‌ನಲ್ಲಿ ಸೈಕಲ್ ಮೇಲೆ ದೂರ ಹೋಗುವವರು ಮೊದಲು ನೋಡಬೇಕಾದದ್ದು ಗಾಳಿ. ದೂರ, ಊರು, ರಾತ್ರಿ ಉಳಿಯುವ ಜಾಗ ಇವೆಲ್ಲ ಆಮೇಲೆ. ಬೆಟ್ಟ ಇಲ್ಲದ ನಾಡು, ಆರಾಮಾಗಿ ಹೋಗಬಹುದು ಅಂತ ತುಂಬಾ ಜನ ಹೇಳುತ್ತಾರೆ. ಬೆಟ್ಟ ಹತ್ತಿದವರಿಗೆ ಆಚೆ ಬದಿಯಲ್ಲಿ ಇಳಿಜಾರಾದರೂ ಸಿಗುತ್ತದೆ. ಎದುರುಗಾಳಿಗೆ ಇಳಿಜಾರು ಅನ್ನೋದೇ ಇಲ್ಲ. ಅದು ಸಂಜೆವರೆಗೂ ಬೀಸಿದರೆ ಸಂಜೆವರೆಗೂ ತುಳಿಯಬೇಕು. ಬಯಲಿನಲ್ಲಿ ಅದನ್ನು ತಡೆಯಲು ಒಂದು ಮರವೂ ಇರುವುದಿಲ್ಲ.

ಲೆಕ್ಕ ಸರಳ. ಗಾಳಿಯ ತಡೆ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಗಂಟೆಗೆ 20 ಕಿ.ಮೀ. ವೇಗದಲ್ಲಿ ಹೋಗುತ್ತಿದ್ದೇನೆ, ಎದುರಿನಿಂದಲೂ 20 ಕಿ.ಮೀ. ವೇಗದ ಗಾಳಿ ಬರುತ್ತಿದೆ ಅಂದುಕೊಳ್ಳಿ. ಆಗ ನನ್ನ ಮೈಗೆ ತಾಗುವ ಗಾಳಿಯ ವೇಗ 40. ತಡೆ ನಾಲ್ಕು ಪಟ್ಟು. ಅದೇ ಗಾಳಿ ಬೆನ್ನಿಗೆ ಇದ್ದರೆ ಗಾಳಿಯ ತಡೆ ಸೊನ್ನೆ. 20 ಕಿ.ಮೀ. ಗಾಳಿ ಅಂದರೆ ಇಲ್ಲಿ ಸಾಮಾನ್ಯ ದಿನ, ಬಿರುಗಾಳಿಯೇನೂ ಅಲ್ಲ. ಇದೇ ದೇಶದಲ್ಲಿ ಎದುರುಗಾಳಿಯ ವಿರುದ್ಧ ಸೈಕಲ್ ತುಳಿಯುವ ರಾಷ್ಟ್ರೀಯ ಸ್ಪರ್ಧೆಯೂ ಇದೆ. ಜೀಲ್ಯಾಂಡ್ ಪ್ರಾಂತ್ಯದ ಸಮುದ್ರದ ತಡೆಗೋಡೆಯ ಮೇಲೆ, ಬಿರುಗಾಳಿ ಬರುತ್ತದೆ ಅಂತ ಗೊತ್ತಾದ ದಿನವೇ ಅದನ್ನು ನಡೆಸುತ್ತಾರೆ. ಗೇರ್ ಇಲ್ಲದ ಸೈಕಲ್ಲು, 8.5 ಕಿ.ಮೀ. ದೂರ. ಗಾಳಿಯನ್ನು ಈ ಜನ ಎಷ್ಟು ಗಂಭೀರವಾಗಿ ತೆಗೆದುಕೊಂಡಿದ್ದಾರೆ ಅಂತ ಅಷ್ಟರಲ್ಲೇ ಗೊತ್ತಾಗುತ್ತದೆ, ಅಲ್ವಾ?

ನಾನು ಆರಿಸಿಕೊಂಡದ್ದು ಐಸೆಲ್‌ಮೀರ್ ಮತ್ತು ಮಾರ್ಕರ್‌ಮೀರ್ ಎಂಬ ಎರಡು ದೊಡ್ಡ ಸರೋವರಗಳ ಬದಿಯ ಸುತ್ತುದಾರಿ. ಆಮ್‌ಸ್ಟರ್‌ಡ್ಯಾಮಿನಿಂದ ಉತ್ತರಕ್ಕೆ ಹೋರ್ನ್, ಎಂಕ್‌ಹೌಸೆನ್. ಅಲ್ಲಿಂದ ನೀರಿನ ನಡುವಿನ ಒಡ್ಡಿನ ಮೇಲೆ ಲೆಲಿಸ್ಟಾಡ್. ಮತ್ತೆ ಉತ್ತರಕ್ಕೆ ಉರ್ಕ್, ಎಮ್ಮೆಲೋರ್ಡ್. ಆಮೇಲೆ ಕಾಂಪೆನ್, ಎಲ್‌ಬರ್ಗ್, ಹಾರ್ಡರ್‌ವೈಕ್ ಹಾದು ವಾಪಸ್. ಸುತ್ತುಬಳಸು ಸೇರಿ ಸುಮಾರು 300 ಕಿ.ಮೀ. ಈ ದಾರಿಯ ಬಹುಪಾಲು ಹೊಲಗಳ ನಡುವೆಯೇ ಹೋಗುತ್ತದೆ. ನನಗೆ ಬೇಕಾಗಿದ್ದೂ ಅದೇ. ಗೋಧಿ ಬೆಳೆಯುವ ಜಾಗವನ್ನು ಸೈಕಲ್ಲಿನ ವೇಗದಲ್ಲಿ ನೋಡಬೇಕು. ಆಮೇಲೆ ಆ ಗೋಧಿಯನ್ನು ಗಾಳಿಯಿಂದಲೇ ಬೀಸುವ ಗಿರಣಿಯೊಂದಕ್ಕೆ ಹೋಗಬೇಕು. ಈ ಆಸೆ ಬಹಳ ದಿನದಿಂದ ಇತ್ತು.

ಯಾವ ದಿಕ್ಕಿನಲ್ಲಿ ಸುತ್ತಬೇಕು ಅನ್ನೋದನ್ನೂ ಗಾಳಿಯೇ ತೀರ್ಮಾನಿಸಿತು. ಇಲ್ಲಿ ಹೆಚ್ಚಾಗಿ ಬೀಸುವುದು ನೈಋತ್ಯದ ಗಾಳಿ. ಮರಗಳಿಲ್ಲದ ದೊಡ್ಡ ಬಯಲು ಇರುವುದು ಲೆಲಿಸ್ಟಾಡಿನಿಂದ ಎಮ್ಮೆಲೋರ್ಡ್‌ವರೆಗೆ. ಆ ಭಾಗದಲ್ಲಿ ಗಾಳಿ ಬೆನ್ನಿಗೆ ಇರುವಂತೆ ಹಾಕಿಕೊಂಡೆ. ವಾಪಸ್ ಬರುವಾಗ ಎದುರುಗಾಳಿ ಇದ್ದೇ ಇರುತ್ತದೆ. ಆದರೆ ಅಲ್ಲಿ ಕಾಡಿನ ಅಂಚು, ಊರುಗಳು, ಬೇಲಿಮರಗಳಿವೆ. ಮರೆ ಸಿಗುತ್ತದೆ. ಮರೆ ಇಲ್ಲದ ಕಡೆ ಗಾಳಿ ಬೆನ್ನಿಗೆ, ಮರೆ ಇರುವ ಕಡೆ ಗಾಳಿ ಎದುರಿಗೆ. ದಾರಿ ಹಾಕುವಾಗ ನಾನು ಇಟ್ಟುಕೊಂಡ ಸೂತ್ರ ಇದೊಂದೇ.

ಸೈಕಲ್ಲಿನ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಗೇರ್ ಇರುವ ಸಾಧಾರಣ ಟೂರಿಂಗ್ ಸೈಕಲ್ಲು, 40 ಮಿ.ಮೀ. ಅಗಲದ ಟೈರು. ಇಲ್ಲಿನ ಊರೊಳಗಿನ ರಸ್ತೆಗಳಿಗೆ ಇಟ್ಟಿಗೆ ಹಾಸಿರುತ್ತಾರೆ. ತೆಳು ಟೈರಿನಲ್ಲಿ ಹೋದರೆ ಮುಂಗೈವರೆಗೂ ನಡುಕ ಬರುತ್ತದೆ. ಅಗಲದ ಟೈರಿಗೆ ಸ್ವಲ್ಪ ಕಡಿಮೆ ಗಾಳಿ ತುಂಬಿಸಿದರೆ ಆ ನಡುಕವನ್ನು ಅದೇ ನುಂಗುತ್ತದೆ. ಸಾಮಾನನ್ನು ಹಿಂದಿನ ಕ್ಯಾರಿಯರಿನ ಎರಡೂ ಬದಿಗೆ ತೂಗುಹಾಕುವ ಚೀಲಗಳಲ್ಲಿ, ಆದಷ್ಟು ಕೆಳಗೆ ಇರುವಂತೆ ತುಂಬಿಸಿದೆ. ಹ್ಯಾಂಡಲ್ ಮುಂದೆ ದೊಡ್ಡ ಚೀಲ ಕಟ್ಟಲಿಲ್ಲ. ಅಡ್ಡಗಾಳಿಗೆ ಅದು ಮುಂದಿನ ಚಕ್ರವನ್ನೇ ತಿರುಗಿಸಿಬಿಡುತ್ತದೆ. ಎರಡು ಟ್ಯೂಬು, ಪಂಪು, ಪಂಚರ್ ಸಾಮಾನು, ಮಳೆ ಅಂಗಿ, ಮುಂದೆ ಬಿಳಿ ದೀಪ, ಹಿಂದೆ ಕೆಂಪು ದೀಪ. ಇಷ್ಟಿದ್ದರೆ ಸಾಕು.

ದಾರಿ ಹುಡುಕುವುದು ಇಲ್ಲಿ ಅಚ್ಚರಿಯಷ್ಟು ಸುಲಭ. ಸೈಕಲ್ ದಾರಿಗಳು ಕೂಡುವ ಪ್ರತಿ ಜಾಗಕ್ಕೂ ಒಂದು ಸಂಖ್ಯೆ ಕೊಟ್ಟಿದ್ದಾರೆ. ಬಿಳಿ ಫಲಕದ ಮೇಲೆ ಹಸಿರು ಅಂಕಿ. ಬೆಳಿಗ್ಗೆ ಹೊರಡುವಾಗ ಆ ದಿನದ ಸಂಖ್ಯೆಗಳನ್ನು ಸಾಲಾಗಿ ಒಂದು ಚೀಟಿಯಲ್ಲಿ ಬರೆದುಕೊಂಡು ಹ್ಯಾಂಡಲ್ಲಿಗೆ ಅಂಟಿಸಿಕೊಳ್ಳುತ್ತಿದ್ದೆ. ಮುಂದಿನ ಸಂಖ್ಯೆಯ ಬಾಣ ನೋಡುವುದು, ತಿರುಗುವುದು, ಅಷ್ಟೇ. ಈ ವ್ಯವಸ್ಥೆ ಮೊದಲು ಬಂದದ್ದು ಪಕ್ಕದ ಬೆಲ್ಜಿಯಮ್ಮಿನ ಲಿಂಬರ್ಗ್ ಪ್ರಾಂತ್ಯದಲ್ಲಿ, 1990ರ ದಶಕದಲ್ಲಿ. ಫೋನು ಇದ್ದರೂ ನನಗೆ ಈ ಚೀಟಿಯೇ ಇಷ್ಟ. ಕಣ್ಣು ರಸ್ತೆ ಮೇಲೆ, ಹೊಲದ ಮೇಲೆ ಇರುತ್ತದೆ.

ಆಗಸ್ಟ್ ಮೊದಲ ವಾರ ಹೊರಟೆ. ಗೋಧಿ ಕೊಯ್ಲು ನಡೆಯುವ ಕಾಲ ಅದು. ಆಮ್‌ಸ್ಟರ್‌ಡ್ಯಾಮಿನ ದೊಡ್ಡ ರೈಲು ನಿಲ್ದಾಣದ ಹಿಂದೆಯೇ ದೋಣಿ ಸಿಗುತ್ತದೆ. ದುಡ್ಡು ಕೊಡಬೇಕಿಲ್ಲ, ಸೈಕಲ್ ಸಮೇತ ಹತ್ತಬಹುದು. ದೋಣಿ ಇಳಿದು ಸ್ವಲ್ಪ ಹೊತ್ತು ತುಳಿದರೆ ಊರು ಮುಗಿದು ಹುಲ್ಲುಗಾವಲು ಶುರುವಾಗುತ್ತದೆ. ಅಲ್ಲಿಂದ ಮುಂದೆ ಬೇಮ್‌ಸ್ಟರ್.

ಬೇಮ್‌ಸ್ಟರ್ ಮೊದಲು ಸರೋವರವಾಗಿತ್ತು. ಗಾಳಿಯಂತ್ರಗಳಿಂದ ನೀರೆತ್ತಿ 1612ರಲ್ಲಿ ಅದನ್ನು ಹೊಲ ಮಾಡಿದರು. ನೆಲ ಸಮುದ್ರಮಟ್ಟಕ್ಕಿಂತ ಸುಮಾರು ಮೂರೂವರೆ ಮೀಟರ್ ಕೆಳಗಿದೆ. ಒಂದು ಯಂತ್ರ ನೀರನ್ನು ಒಂದೂವರೆ ಮೀಟರಿನಷ್ಟು ಮಾತ್ರ ಮೇಲೆತ್ತಬಲ್ಲದು. ಹಾಗಾಗಿ ಒಂದರ ಮೇಲೊಂದು ಮೆಟ್ಟಿಲಿನಂತೆ ಯಂತ್ರಗಳನ್ನು ನಿಲ್ಲಿಸಿ, ನೀರನ್ನು ಕೈಬದಲಾಯಿಸುತ್ತಾ ಹೊರಗೆ ಹಾಕಿದರು. ಇಂಥ 40ಕ್ಕೂ ಹೆಚ್ಚು ಯಂತ್ರಗಳು ಅಲ್ಲಿ ಕೆಲಸ ಮಾಡಿದವು. ರಸ್ತೆ, ಕಾಲುವೆ, ಹೊಲ ಎಲ್ಲ ಗೆರೆ ಎಳೆದಂತೆ ಚೌಕ ಚೌಕ. 1999ರಲ್ಲಿ ಯುನೆಸ್ಕೊ ಇದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಇಲ್ಲೊಂದು ವಿಷಯ ಹೇಳಿಬಿಡುತ್ತೇನೆ. ಚಿತ್ರಗಳಲ್ಲಿ ನೋಡುವ ಡಚ್ ಗಾಳಿಯಂತ್ರಗಳಲ್ಲಿ ಬಹಳಷ್ಟು ಹಿಟ್ಟು ಬೀಸುವವಲ್ಲ. ಕಿಂಡರ್‌ಡೈಕ್‌ನಲ್ಲಿ ಸಾಲಾಗಿ ನಿಂತ 19 ಯಂತ್ರಗಳೂ ನೀರೆತ್ತಲು ಕಟ್ಟಿದವು. ಜಾನ್ಸೆ ಸ್ಕಾನ್ಸ್‌ನಲ್ಲಿ ಮರ ಕೊಯ್ಯುವುದು, ಎಣ್ಣೆ ತೆಗೆಯುವುದು, ಬಣ್ಣ ಅರೆಯುವುದು ಎಲ್ಲ ಇವೆ. ಹಿಟ್ಟಿನ ಗಿರಣಿಯನ್ನು ದೂರದಿಂದ ಗುರುತಿಸಲು ನನಗೊಂದು ಉಪಾಯ ಸಿಕ್ಕಿತು. ಹೊಲದ ನಡುವೆ, ಕಾಲುವೆಯ ದಂಡೆಯಲ್ಲಿ, ತಗ್ಗಾಗಿ ಒಂಟಿಯಾಗಿ ನಿಂತಿದ್ದರೆ ಸಾಮಾನ್ಯವಾಗಿ ನೀರಿನದು. ಊರಿನ ಮಗ್ಗುಲಲ್ಲಿ ಎತ್ತರವಾಗಿ, ನಡುವಿಗೆ ಸುತ್ತ ಮರದ ಜಗಲಿ ಕಟ್ಟಿಕೊಂಡು ನಿಂತಿದ್ದರೆ ಹೆಚ್ಚಾಗಿ ಹಿಟ್ಟಿನದು. ಊರಿನ ಮನೆ, ಮರಗಳ ಮೇಲಿನ ಗಾಳಿ ಸಿಗಬೇಕಲ್ಲ, ಅದಕ್ಕೇ ಆ ಎತ್ತರ. ಸ್ಕೀಡಮ್ ಊರಿನಲ್ಲಿ ಹೀಗೆ ಕಟ್ಟುತ್ತಾ ಹೋಗಿ 33 ಮೀಟರಿನವರೆಗೂ ಏರಿಸಿದ್ದಾರೆ.

ಹೋರ್ನ್‌ನಿಂದ ಎಂಕ್‌ಹೌಸೆನ್‌ವರೆಗೆ ಹಳೆಯ ಒಡ್ಡಿನ ಮೇಲೆಯೇ ಹೋದೆ. ಒಡ್ಡಿನ ಇಳಿಜಾರಿನಲ್ಲಿ ಕುರಿಗಳು ಮೇಯುತ್ತಿರುತ್ತವೆ. ಅವು ಹುಲ್ಲು ಮೇಯುವುದರ ಜೊತೆಗೆ ನೆಲವನ್ನು ತುಳಿದು ಗಟ್ಟಿ ಮಾಡುತ್ತವೆ. ಅಲ್ಲಲ್ಲಿ ಗೇಟುಗಳಿವೆ. ತೆಗೆದವರು ಮುಚ್ಚಲೇಬೇಕು.

ಎಂಕ್‌ಹೌಸೆನ್‌ನಿಂದ ಲೆಲಿಸ್ಟಾಡ್‌ಗೆ ಹೋಗುವ ಒಡ್ಡು ಸುಮಾರು 26 ಕಿ.ಮೀ. ಉದ್ದ. ಎರಡೂ ಬದಿಗೆ ನೀರು. ಬಲಕ್ಕೆ ಮಾರ್ಕರ್‌ಮೀರ್, ಎಡಕ್ಕೆ ಐಸೆಲ್‌ಮೀರ್. ಮಾರ್ಕರ್‌ಮೀರನ್ನೂ ಒಣಗಿಸಿ ಹೊಲ ಮಾಡುವ ಯೋಜನೆಯಿತ್ತು. ಈ ಒಡ್ಡು ಕಟ್ಟಿದ್ದೇ ಅದಕ್ಕಾಗಿ. ಆಮೇಲೆ ಯೋಜನೆ ಕೈಬಿಟ್ಟರು, ಒಡ್ಡು ರಸ್ತೆಯಾಗಿ ಉಳಿಯಿತು. ಎಂಕ್‌ಹೌಸೆನ್ ತುದಿಯಲ್ಲಿ ರಸ್ತೆ ನೀರಿನ ಕೆಳಗೆ ಹೋಗುತ್ತದೆ, ಹಡಗುಗಳು ಮೇಲೆ ಹೋಗುತ್ತವೆ.

ಈ ಒಡ್ಡಿನ ಮೇಲೆ ಹೋಗುವುದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಹೊಸಬರು ಇಲ್ಲೇ ಸುಸ್ತಾಗುತ್ತಾರೆ. ನೈಋತ್ಯದ ಗಾಳಿ ಇದ್ದರೆ ಅದು ನೇರವಾಗಿ ಬಲ ಭುಜಕ್ಕೆ ಬಡಿಯುತ್ತದೆ. ಎದುರುಗಾಳಿ ಕಾಲಿನ ಕಸುವು ತಿನ್ನುತ್ತದೆ, ಅಡ್ಡಗಾಳಿ ಕತ್ತು ಮತ್ತು ಕೈಯನ್ನು ತಿನ್ನುತ್ತದೆ. ನಾನು ಹ್ಯಾಂಡಲನ್ನು ಸಡಿಲವಾಗಿ ಹಿಡಿದು, ಮೈಯನ್ನು ಗಾಳಿಯ ಕಡೆಗೆ ಒಂದಿಷ್ಟು ವಾಲಿಸಿ, ದಾರಿಯ ನಡುವಿನಲ್ಲಿ ಹೋದೆ. ಅಂಚಿಗೆ ಹೋಗಬಾರದು. ಪಕ್ಕದ ರಸ್ತೆಯಲ್ಲಿ ದೊಡ್ಡ ಲಾರಿ ಹಾದುಹೋದಾಗ ಒಂದು ಕ್ಷಣ ಗಾಳಿ ನಿಂತು, ಮರುಕ್ಷಣ ಮತ್ತೆ ತಳ್ಳುತ್ತದೆ. ಆಗ ಕೈ ಬಿಗಿ ಮಾಡಿದರೆ ಸೈಕಲ್ಲು ಅಡ್ಡಾದಿಡ್ಡಿ ಹೋಗುತ್ತದೆ. ಸಡಿಲ ಬಿಟ್ಟರೆ ಅದೇ ನೇರವಾಗುತ್ತದೆ. ಅರ್ಧ ದಾರಿಯಲ್ಲಿ ಟ್ರಿಂಟೆಲ್‌ಹಾವೆನ್ ಎಂಬ ಪುಟ್ಟ ಬಂದರು ಸಿಗುತ್ತದೆ. ಅಲ್ಲಿ ಹತ್ತು ನಿಮಿಷ ನಿಂತು ಕತ್ತು ತಿರುಗಿಸಿ, ನೀರು ಕುಡಿದು, ಏನಾದರೂ ತಿಂದು ಮುಂದೆ ಹೋದೆ. ಬಾಯಾರಿಕೆ ಆಗಲಿಲ್ಲ ಅಂತ ನೀರು ಬಿಡಬಾರದು. ಗಾಳಿ ಬೆವರನ್ನು ಆರಿಸಿಬಿಡುವುದರಿಂದ ಎಷ್ಟು ನೀರು ಹೋಗಿದೆ ಅಂತ ಮೈಗೆ ತಿಳಿಯುವುದೇ ಇಲ್ಲ.

ಲೆಲಿಸ್ಟಾಡ್ ದಾಟಿದ ಮೇಲೆ ಶುರುವಾಗುವುದು ನಾನು ನೋಡಲು ಬಂದ ನೆಲ. ಫ್ಲೆವೊಲ್ಯಾಂಡ್ ಪ್ರಾಂತ್ಯ ಬಹುತೇಕ ಪೂರ್ತಿ ಇಪ್ಪತ್ತನೇ ಶತಮಾನದಲ್ಲಿ ನೀರಿನಿಂದ ಎದ್ದು ಬಂದದ್ದು. ಉತ್ತರದ ನೋರ್ಡ್‌ಓಸ್ಟ್‌ಪೋಲ್ಡರ್ 1942ರಲ್ಲಿ ಒಣಗಿತು, ಪೂರ್ವ ಫ್ಲೆವೊಲ್ಯಾಂಡ್ 1957ರಲ್ಲಿ, ದಕ್ಷಿಣದ್ದು 1968ರಲ್ಲಿ. ಪ್ರಾಂತ್ಯ ಅಂತ ಆದದ್ದು 1986ರಲ್ಲಿ. ನೀರು ಹೋದ ಕೂಡಲೇ ಉಳುವ ಹಾಗಿರಲಿಲ್ಲ. ನೆಲ ಬರೀ ಕೆಸರು, ಕಾಲಿಟ್ಟರೆ ಹೂತುಹೋಗುತ್ತಿತ್ತು. ಅದಕ್ಕೆ ವಿಮಾನದಿಂದ ಜೊಂಡಿನ ಬೀಜ ಬಿತ್ತಿದರು. ಜೊಂಡು ಬೆಳೆದು, ನೀರು ಹೀರಿ, ನೆಲಕ್ಕೆ ಗಾಳಿ ಆಡುವಂತೆ ಮಾಡಿತು. ಆಮೇಲೆ ಬೇಸಾಯ. ಸಮುದ್ರದ ತಳದ ಆ ಜೇಡಿ ಈಗ ದೇಶದ ಒಳ್ಳೆಯ ಬೇಸಾಯದ ನೆಲಗಳಲ್ಲಿ ಒಂದು. ಗೋಧಿ, ಆಲೂಗಡ್ಡೆ, ಸಕ್ಕರೆ ಬೀಟು, ಈರುಳ್ಳಿ, ಟ್ಯುಲಿಪ್ ಗೆಡ್ಡೆ ಒಂದಾದ ಮೇಲೊಂದು ಸರದಿಯಲ್ಲಿ ಬೆಳೆಯುತ್ತಾರೆ.

ಇಲ್ಲಿ ಬೆನ್ನಿಗೆ ಗಾಳಿ ಸಿಕ್ಕಿತು. ಒಡ್ಡಿನ ಪಕ್ಕದ ದಾರಿಯಲ್ಲಿ ಸೈಕಲ್ಲು ತಾನೇ ಹೋಗುತ್ತಿದೆ ಅನ್ನಿಸಿತು. ಗಾಳಿ ಬೆನ್ನಿಗಿದ್ದರೆ ಕಿವಿಯಲ್ಲಿ ಸದ್ದಿರುವುದಿಲ್ಲ. ಹಾಗಾಗಿ ಹೊಲದ ಸದ್ದುಗಳೆಲ್ಲ ಕೇಳುತ್ತವೆ. ಒಣಗಿದ ತೆನೆಗಳು ಒಂದಕ್ಕೊಂದು ಉಜ್ಜುವ ಸದ್ದು, ಎಲ್ಲೋ ದೂರದಲ್ಲಿ ಕಟಾವು ಯಂತ್ರದ ಗುಂಯ್‌ಗುಡುವಿಕೆ. ಯಂತ್ರ ಹೋದ ಕಡೆಯೆಲ್ಲ ಬಂಗಾರದ ಬಣ್ಣದ ಕೂಳೆ, ಅದರ ಮೇಲೆ ಸಾಲು ಸಾಲು ಹುಲ್ಲಿನ ಪಿಂಡಿ. ಒಂದು ಕಡೆ ಸೈಕಲ್ ನಿಲ್ಲಿಸಿ ಬಹಳ ಹೊತ್ತು ನೋಡಿದೆ. ಯಂತ್ರ ಓಡಿಸುತ್ತಿದ್ದ ರೈತರು ಇಳಿದು ಬಂದು ಒಂದಿಷ್ಟು ಕಾಳು ಅಂಗೈಗೆ ಹಾಕಿದರು. ‘ಕಚ್ಚಿ ನೋಡಿ’ ಅಂದರು. ಕಟ್ ಅಂತ ಮುರಿಯಿತು. ಮೆತ್ತಗೆ ಬಾಗಿದರೆ ಇನ್ನೂ ತೇವ ಇದೆ ಅಂತ ಅರ್ಥವಂತೆ. ಮೀಟರ್ ಇದೆ, ಆದರೂ ಮೊದಲು ಹಲ್ಲಿಗೇ ಕೇಳುತ್ತಾರೆ. ತೇವ ಶೇ 15ರ ಆಸುಪಾಸಿಗಿಂತ ಜಾಸ್ತಿ ಇದ್ದರೆ ಕಣಜದಲ್ಲಿ ಬಿಸಿಯಾಗಿ ಕೆಡುತ್ತದೆ. ಆಮೇಲೆ ಒಣಗಿಸಲು ಖರ್ಚು.

‘ಇದು ರೊಟ್ಟಿಗೆ ಹೋಗುತ್ತದಾ?’ ಅಂತ ಕೇಳಿದೆ. ‘ಜಾಸ್ತಿ ಭಾಗ ದನ, ಕೋಳಿಗಳಿಗೆ’ ಅಂದರು. ಈ ದೇಶದ ಗೋಧಿಯಲ್ಲಿ ದೊಡ್ಡ ಪಾಲು ಮೇವಿಗೇ ಹೋಗುತ್ತದೆ. ಕಡಲ ಬದಿಯ ತೇವದ ಹವೆ, ಕಾಳು ಮಾಗುವ ಹೊತ್ತಿಗೆ ಬರುವ ಮಳೆ. ಇಳುವರಿ ಚೆನ್ನಾಗಿರುತ್ತದೆ, ಆದರೆ ಬ್ರೆಡ್ ಉಬ್ಬಲು ಬೇಕಾದ ಪ್ರೋಟೀನ್ ಹೆಚ್ಚಾಗಿ ಕಡಿಮೆ. ಈ ಉತ್ತರ ನನ್ನ ತಲೆಯಲ್ಲಿ ಉಳಿಯಿತು. ಗಿರಣಿಯಲ್ಲಿ ಕೇಳಬೇಕಾದ ಪ್ರಶ್ನೆ ಅಲ್ಲೇ ಸಿಕ್ಕಿತು.

ಕೊಯ್ಲಿನ ಕಾಲದಲ್ಲಿ ಈ ರಸ್ತೆಗಳಲ್ಲಿ ಸೈಕಲ್ ಹೊಡೆಯುವವರಿಗೆ ಒಂದು ಮಾತು. ಟ್ರ್ಯಾಕ್ಟರುಗಳು ರಸ್ತೆಯಷ್ಟೇ ಅಗಲ ಇರುತ್ತವೆ, ವೇಗವಾಗಿಯೂ ಬರುತ್ತವೆ. ಎದುರಿಗೆ ಬಂದರೆ ನಾನು ಇಳಿದು ಹುಲ್ಲಿನ ಮೇಲೆ ನಿಂತುಬಿಡುತ್ತಿದ್ದೆ. ಅವರಿಗೆ ಅದು ವರ್ಷದ ದುಡಿಮೆಯ ವಾರ. ಮಳೆ ಬರುವ ಮೊದಲು ಮುಗಿಸಬೇಕು. ಎಲ್ಲರೂ ಕೈ ಎತ್ತಿ ನಮಸ್ಕಾರ ಹೇಳಿಯೇ ಹೋದರು. ರಸ್ತೆಯ ಮೇಲೆ ಒಣಗಿದ ಮಣ್ಣಿನ ಹೆಂಟೆ ಕಂಡರೆ ಪರವಾಗಿಲ್ಲ. ಅದರ ಮೇಲೆ ಮಳೆ ಬಿದ್ದಿದ್ದರೆ ತಿರುವಿನಲ್ಲಿ ಬ್ರೇಕ್ ಹಿಡಿಯಲೇಬಾರದು. ತಿರುವಿಗೆ ಮೊದಲೇ ವೇಗ ಇಳಿಸಿಕೊಳ್ಳಬೇಕು.

ಉರ್ಕ್ ಮೊದಲು ದ್ವೀಪವಾಗಿತ್ತು. ಈಗ ಒಂದು ಬದಿಗೆ ನೀರು, ಇನ್ನೊಂದು ಬದಿಗೆ ಆಲೂಗಡ್ಡೆ ಹೊಲ. ಅದರ ಉತ್ತರಕ್ಕೆ ಒಡ್ಡಿನ ಉದ್ದಕ್ಕೂ 86 ದೊಡ್ಡ ವಿದ್ಯುತ್ ಗಾಳಿಯಂತ್ರಗಳಿವೆ. ಅವುಗಳ ಕೆಳಗೆ ಹೋಗುವಾಗ ಒಂದು ವಿಷಯ ಗಮನಿಸಿದೆ. ಹೊಸ ಯಂತ್ರಗಳು ಗಡಿಯಾರದ ಮುಳ್ಳಿನ ದಿಕ್ಕಿಗೆ ಸುತ್ತುತ್ತವೆ, ಹಳೆಯ ಗಿರಣಿಗಳು ಅದಕ್ಕೆ ವಿರುದ್ಧವಾಗಿ. ಅವು ಯಾವ ಕಡೆ ಮುಖ ಮಾಡಿವೆ ಅಂತ ನೋಡಿದರೆ ಗಾಳಿಯ ದಿಕ್ಕು ಗೊತ್ತಾಗುತ್ತದೆ. ಆಮೇಲೆ ನಾನು ಫೋನಿನಲ್ಲಿ ಗಾಳಿ ನೋಡುವುದನ್ನೇ ಕಡಿಮೆ ಮಾಡಿದೆ.

ಎಮ್ಮೆಲೋರ್ಡ್ ನಡುವೆ, ಸುತ್ತ ಉಂಗುರದಂತೆ ಹತ್ತು ಹಳ್ಳಿ. ಈ ಊರುಗಳನ್ನು ನಕ್ಷೆಯ ಮೇಲೆ ಗುರುತು ಮಾಡಿದವರು ಹೊಲದಿಂದ ಹಳ್ಳಿಗೆ ಸೈಕಲ್ಲಿನಲ್ಲಿ ಹೋಗಿ ಬರುವಷ್ಟೇ ದೂರ ಇರಬೇಕು ಅಂತ ಲೆಕ್ಕ ಹಾಕಿದ್ದರು. ಒಂದೊಂದು ಹೊಲದ ತುಂಡು 800 ಮೀಟರ್ ಉದ್ದ, 300 ಮೀಟರ್ ಅಗಲ, ಅಂದರೆ 24 ಹೆಕ್ಟೇರ್. ರಸ್ತೆಯಲ್ಲಿ ಹೋಗುತ್ತಾ ಮನೆಗಳ ನಡುವಿನ ಅಂತರ ಒಂದೇ ಲಯದಲ್ಲಿ ಬರುತ್ತದೆ. ಸೈಕಲ್ಲಿಗೆ ಅಂತಲೇ ಅಳೆದ ನಾಡಿನಲ್ಲಿ ಸೈಕಲ್ ಮೇಲೆ ಹೋಗುವ ಖುಷಿಯೇ ಬೇರೆ. ದಕ್ಷಿಣಕ್ಕೆ ಬಂದರೆ ಶೋಕ್‌ಲ್ಯಾಂಡ್. ಅದೂ ಹಳೆಯ ದ್ವೀಪ. ನೀರಿನ ಕಾಟ ತಾಳಲಾರದೆ 1859ರಲ್ಲಿ ರಾಜಾಜ್ಞೆಯಿಂದ ಜನರನ್ನು ಅಲ್ಲಿಂದ ಎಬ್ಬಿಸಿದ್ದರು. ಈಗ ಹೊಲಗಳ ನಡುವೆ ಸಣ್ಣ ದಿಬ್ಬ.

ರಾತ್ರಿ ಉಳಿದದ್ದು ರೈತರ ಮನೆಗಳ ಹಿಂದಿನ ಸಣ್ಣ ಡೇರೆ ಮೈದಾನಗಳಲ್ಲಿ. ಕಂಡಕಂಡಲ್ಲಿ ಡೇರೆ ಹಾಕಲು ಇಲ್ಲಿ ಕಾನೂನು ಬಿಡುವುದಿಲ್ಲ. ಡೇರೆಯ ಬಾಗಿಲನ್ನು ಗಾಳಿಗೆ ಬೆನ್ನು ಮಾಡಿ ಹಾಕುವುದು, ಮೆಕ್ಕೆಜೋಳದ ಹೊಲವೋ ಕೊಟ್ಟಿಗೆಯ ಗೋಡೆಯೋ ಮರೆಗೆ ಸಿಗುವ ಜಾಗ ಹುಡುಕುವುದು, ಇಷ್ಟು ನೋಡಿಕೊಂಡರೆ ಒಳ್ಳೆಯ ನಿದ್ದೆ. ರಸ್ತೆ ಬದಿಯಲ್ಲಿ ಸಣ್ಣ ಗೂಡುಗಳಿರುತ್ತವೆ. ಆಲೂಗಡ್ಡೆ, ಮೊಟ್ಟೆ, ಹಣ್ಣು ಇಟ್ಟು ಪಕ್ಕದಲ್ಲಿ ದುಡ್ಡಿನ ಡಬ್ಬಿ ಇಟ್ಟಿರುತ್ತಾರೆ. ಕಾಯಲು ಯಾರೂ ಇಲ್ಲ. ಚಿಲ್ಲರೆ ಯೂರೊ ನಾಣ್ಯ ಜೇಬಿನಲ್ಲಿ ಇಟ್ಟುಕೊಂಡಿರಿ.

ಕಾಂಪೆನ್ ದಾಟಿ ನೈಋತ್ಯಕ್ಕೆ ತಿರುಗಿದ ಕೂಡಲೇ ಗಾಳಿ ಮುಖಕ್ಕೆ ಬಂತು. ಆ ದಿನ ಜೋರಾಗಿಯೇ ಇತ್ತು. ಎದುರುಗಾಳಿಯಲ್ಲಿ ನಾನು ವೇಗ ನೋಡುವುದಿಲ್ಲ. ಕಾಲಿನ ಲಯ ನೋಡುತ್ತೇನೆ. ನಿಮಿಷಕ್ಕೆ 75ರಿಂದ 80 ಸುತ್ತು. ಅದು ಕಡಿಮೆಯಾದರೆ ಗೇರ್ ಇಳಿಸುತ್ತೇನೆ. ವೇಗ 12ಕ್ಕೆ ಇಳಿದರೂ ಪರವಾಗಿಲ್ಲ. ಮೊಣಕೈ ಮಡಿಸಿ ಎದೆ ಸ್ವಲ್ಪ ತಗ್ಗಿಸುತ್ತೇನೆ. ಅಂಗಿ ಪಟಪಟ ಹೊಡೆದುಕೊಳ್ಳದಂತೆ ಗುಂಡಿ ಹಾಕುತ್ತೇನೆ. ಹೀಗೆ ಹೋಗುತ್ತಿರುವಾಗಲೇ ಮರಗಳ ಮೇಲೆ ನಾಲ್ಕು ರೆಕ್ಕೆ ತಿರುಗುತ್ತಿರುವುದು ಕಂಡಿತು. ಹತ್ತಿರ ಹೋದರೆ ನೀಲಿ ಪತಾಕೆ ಹಾರುತ್ತಿತ್ತು. ನೀಲಿ ಪತಾಕೆ ಇದ್ದರೆ ಗಿರಣಿ ತೆರೆದಿದೆ, ಒಳಗೆ ಬರಬಹುದು ಅಂತ ಅರ್ಥ.

ಗಿರಣಿಯವರು ಐವತ್ತು ದಾಟಿದ ಹೆಂಗಸು. ಸೈಕಲ್ ನೋಡಿ ಮೊದಲು ಕೇಳಿದ್ದು, ‘ಈ ಗಾಳಿಗೆ ಎದುರಾಗಿ ಬಂದಿರಾ?’ ಅಂತ. ಹೌದು ಅಂದೆ. ‘ಹಾಗಾದರೆ ನಮ್ಮ ಕೆಲಸ ನಿಮಗೆ ಬೇಗ ಅರ್ಥ ಆಗುತ್ತದೆ, ಬನ್ನಿ’ ಅಂದರು.

ಮೊದಲು ಜಗಲಿಗೆ ಕರೆದುಕೊಂಡು ಹೋದರು. ರೆಕ್ಕೆ ಅಂದರೆ ಜಾಲರಿಯಂಥ ಚೌಕಟ್ಟು. ಅದರ ಮೇಲೆ ಹಾಯಿಬಟ್ಟೆ ಹರಡುತ್ತಾರೆ. ಗಾಳಿ ಕಡಿಮೆ ಇದ್ದರೆ ಪೂರ್ತಿ ಬಿಚ್ಚುವುದು, ಜಾಸ್ತಿ ಇದ್ದರೆ ಅರ್ಧ ಸುತ್ತಿಡುವುದು, ತೀರಾ ಜಾಸ್ತಿ ಇದ್ದರೆ ಬಟ್ಟೆಯೇ ಬೇಡ. ಗಾಳಿಯ ವೇಗ ಎರಡು ಪಟ್ಟಾದರೆ ಅದರ ಶಕ್ತಿ ಎಂಟು ಪಟ್ಟಾಗುತ್ತದೆ. ಹಾಗಾಗಿ ಆಕಾಶ ನೋಡುತ್ತಲೇ ಇರಬೇಕು. ಕಪ್ಪು ಮೋಡ ಕಂಡರೆ ಮೊದಲೇ ನಿಲ್ಲಿಸಬೇಕು. ಗಾಳಿಯ ದಿಕ್ಕು ಬದಲಾದರೆ ಗಿರಣಿಯ ತಲೆಯ ಟೊಪ್ಪಿಯನ್ನೇ ತಿರುಗಿಸಬೇಕು. ಹಿಂಬದಿಗೆ ಇಳಿಬಿಟ್ಟ ದೊಡ್ಡ ತೊಲೆ, ಅದರ ತುದಿಗೆ ಚಕ್ರ, ಸರಪಳಿ. ಅವರು ಕೈಯಲ್ಲಿ ಆ ಚಕ್ರ ತಿರುಗಿಸಿದರೆ ಮೇಲೆ ಟೊಪ್ಪಿ, ರೆಕ್ಕೆ ಎಲ್ಲ ನಿಧಾನಕ್ಕೆ ಗಾಳಿಗೆ ಮುಖ ಮಾಡುತ್ತವೆ.

ಇವರು ವೇಗವನ್ನು ಎಣಿಸುವುದು ಹೇಗೆ ಗೊತ್ತಾ? ನಿಮಿಷಕ್ಕೆ ಎಷ್ಟು ರೆಕ್ಕೆ ಕೆಳಗೆ ದಾಟಿತು ಅಂತ. 60 ರೆಕ್ಕೆ ದಾಟಿದರೆ ರೆಕ್ಕೆಗಳ ದಂಡ 15 ಸುತ್ತು ಸುತ್ತಿದೆ ಅಂತ ಅರ್ಥ. ಹಿಟ್ಟು ಬೀಸಲು ಅವರಿಗೆ ಬೇಕಾದದ್ದು ಸುಮಾರು ಅಷ್ಟೇ, ಇಲ್ಲವೇ ಸ್ವಲ್ಪ ಜಾಸ್ತಿ. ಅದಕ್ಕಿಂತ ಓಡಲು ಶುರುವಾದರೆ ನಿಲ್ಲಿಸಿ ಬಟ್ಟೆ ಕಡಿಮೆ ಮಾಡುತ್ತಾರೆ. ನಾನು ಇಡೀ ಬೆಳಿಗ್ಗೆ ಕಾಲಿನ ಸುತ್ತು ಎಣಿಸುತ್ತಾ ಗೇರ್ ಬದಲಿಸುತ್ತಾ ಬಂದವನು. ಹೇಳಿದೆ. ಅವರು ನಕ್ಕು, ‘ನಿಮ್ಮದೂ ಹಲ್ಲುಚಕ್ರ, ನಮ್ಮದೂ ಹಲ್ಲುಚಕ್ರ. ನಮ್ಮದು ಮರದ್ದು’ ಅಂದರು.

ಒಳಗೆ ಕಡಿದಾದ ಏಣಿ ಹತ್ತಿ ಮೇಲಕ್ಕೆ ಹೋದೆವು. ರೆಕ್ಕೆಯ ದಂಡಕ್ಕೆ ಕೂಡಿದ ದೊಡ್ಡ ಮರದ ಚಕ್ರ, ಅದಕ್ಕೆ ಕಚ್ಚಿಕೊಂಡ ಚಿಕ್ಕ ಚಕ್ರ, ಅಲ್ಲಿಂದ ಕೆಳಗಿನವರೆಗೂ ಇಳಿಯುವ ನೆಟ್ಟನೆಯ ದಪ್ಪ ಕಂಬ. ಹಲ್ಲುಗಳು ಗಟ್ಟಿ ಮರದವು, ಸವೆಯದಂತೆ ಜೇನುಮೇಣ ಹಚ್ಚುತ್ತಾರೆ. ದೊಡ್ಡ ಚಕ್ರದ ಸುತ್ತ ಮರದ ತುಂಡುಗಳ ಬ್ರೇಕು. ಬಿರುಗಾಳಿಯಲ್ಲಿ ಗಿರಣಿ ಹಿಡಿತ ತಪ್ಪಿ ಓಡಿದರೆ ಆ ಬ್ರೇಕಿನ ಉಜ್ಜಾಟಕ್ಕೇ ಬೆಂಕಿ ಹತ್ತಬಹುದು. ಹಿಟ್ಟಿನ ಧೂಳು ಇರುವ ಜಾಗದಲ್ಲಿ ಕಿಡಿ ಅಂದರೆ ಸಣ್ಣ ಮಾತಲ್ಲ. 1878ರ ಮೇ 2ರಂದು ಅಮೆರಿಕದ ಮಿನಿಯಾಪೊಲಿಸ್‌ನಲ್ಲಿ ವಾಷ್‌ಬರ್ನ್ ‘ಎ’ ಗಿರಣಿ ಹಿಟ್ಟಿನ ಧೂಳಿಗೆ ಬೆಂಕಿ ತಗುಲಿ ಸ್ಫೋಟಗೊಂಡಾಗ 18 ಕೆಲಸಗಾರರು ಸತ್ತಿದ್ದರು.

ಕಲ್ಲಿನ ಮಹಡಿಯಲ್ಲಿ ನಾನು ಬಹಳ ಹೊತ್ತು ನಿಂತೆ. ಬೀಸುವ ಕಲ್ಲಿನಂತೆಯೇ ಎರಡು ಕಲ್ಲು. ಕೆಳಗಿನದು ಅಲುಗುವುದಿಲ್ಲ, ಮೇಲಿನದು ಸುತ್ತುತ್ತದೆ. ಅಗಲ ಸುಮಾರು ಒಂದೂವರೆ ಮೀಟರ್, ತೂಕ ಟನ್ ಲೆಕ್ಕದಲ್ಲಿ. ರೆಕ್ಕೆ ಒಂದು ಸುತ್ತು ಸುತ್ತಿದರೆ ಕಲ್ಲು ಐದಾರು ಸುತ್ತು ಸುತ್ತುತ್ತದೆ. ಮೇಲಿನ ಡಬ್ಬಿಯಿಂದ ಗೋಧಿ ದೋಣಿಯಂಥ ಒಂದು ಸಣ್ಣ ತೊಟ್ಟಿಗೆ ಬೀಳುತ್ತದೆ. ಸುತ್ತುವ ಕಂಬ ಆ ತೊಟ್ಟಿಯನ್ನು ಟಕಟಕ ಅಂತ ತಟ್ಟುತ್ತಲೇ ಇರುತ್ತದೆ. ಕಲ್ಲು ಜೋರಾಗಿ ಸುತ್ತಿದಷ್ಟೂ ಜಾಸ್ತಿ ತಟ್ಟುತ್ತದೆ, ಅಷ್ಟೂ ಜಾಸ್ತಿ ಕಾಳು ಬೀಳುತ್ತದೆ. ಗಾಳಿ ಏರಿದರೆ ಕಾಳು ತಾನೇ ಏರುತ್ತದೆ, ಇಳಿದರೆ ಇಳಿಯುತ್ತದೆ. ಕಲ್ಲುಗಳ ನಡುವಿನ ಸಂದನ್ನು ಸರಿಮಾಡಲು ಸುತ್ತುವ ಗುಂಡುಗಳ ಯಂತ್ರವೊಂದಿದೆ. ಇಷ್ಟೆಲ್ಲ ವಿದ್ಯುತ್ತಿಲ್ಲದೆ, ಮರ, ಕಬ್ಬಿಣ, ಹಗ್ಗದಲ್ಲಿ! ಮೂಟೆ ಮೇಲಕ್ಕೆ ಎಳೆಯುವುದೂ ಗಾಳಿಯೇ. ಹಗ್ಗ ಜಗ್ಗಿದರೆ ರಾಟೆ ಕಚ್ಚಿಕೊಂಡು ಮೂಟೆ ಮಹಡಿಯಿಂದ ಮಹಡಿಗೆ ಏರಿಬಿಡುತ್ತದೆ.

ಕಲ್ಲಿನ ಮೈಮೇಲೆ ನಡುವಿನಿಂದ ಅಂಚಿಗೆ ಗೀರುಗಳಿರುತ್ತವೆ. ಕಾಳನ್ನು ಕತ್ತರಿಸುವುದು, ಹಿಟ್ಟನ್ನು ಹೊರಗೆ ನೂಕುವುದು, ಗಾಳಿ ಆಡಿಸಿ ತಂಪಾಗಿಡುವುದು ಎಲ್ಲ ಈ ಗೀರುಗಳ ಕೆಲಸ. ಸವೆದರೆ ಮೇಲಿನ ಕಲ್ಲನ್ನು ಎತ್ತಿ ಮಗುಚಿ, ಚೂಪು ಸುತ್ತಿಗೆಯಿಂದ ಕುಟ್ಟಿ ಮತ್ತೆ ಮೂಡಿಸಬೇಕು. ಹಳೆಯ ಗಿರಣಿಗಳಲ್ಲಿ ಜರ್ಮನಿಯ ಐಫೆಲ್ ಕಡೆಯ ಕಪ್ಪುನೀಲಿ ಜ್ವಾಲಾಮುಖಿ ಕಲ್ಲು ಬಳಸುತ್ತಿದ್ದರು.

ಕೆಳಗಿನ ಮಹಡಿಯಲ್ಲಿ ಕೊಳವೆಯಿಂದ ಹಿಟ್ಟು ಚೀಲಕ್ಕೆ ಇಳಿಯುತ್ತಿತ್ತು. ಅವರು ಮಾತಾಡುತ್ತಲೇ ಆಗಾಗ ಕೈಯೊಡ್ಡಿ, ಹೆಬ್ಬೆರಳಿನಿಂದ ಹಿಟ್ಟನ್ನು ಬೆರಳ ಮೇಲೆ ಉಜ್ಜಿ ನೋಡುತ್ತಿದ್ದರು. ನನಗೂ ಹಾಗೇ ಮಾಡಲು ಹೇಳಿದರು. ಉಗುರುಬೆಚ್ಚಗಿತ್ತು, ಬೂಸಾದ ಚೂರುಗಳು ಚಪ್ಪಟೆಯಾಗಿ ಬೆರಳಿಗೆ ಸಿಕ್ಕವು. ‘ಇದು ಸರಿ. ಬಿಸಿ ಅನ್ನಿಸಿದರೆ ಕಲ್ಲು ತೀರಾ ಹತ್ತಿರ ಇದೆ. ರವೆಯಂತೆ ಚುಚ್ಚಿದರೆ ದೂರ ಇದೆ’ ಅಂದರು.

ರೈತರ ಮಾತಿನಿಂದ ಸಿಕ್ಕಿದ್ದ ಪ್ರಶ್ನೆಯನ್ನು ಇಲ್ಲಿ ಕೇಳಿದೆ. ಸುತ್ತಮುತ್ತ ಇಷ್ಟು ಗೋಧಿ ಇದೆ, ನೀವು ಬೀಸುವುದು ಯಾವುದು? ಅವರು ಎರಡು ಮೂಟೆ ತೋರಿಸಿದರು. ಒಂದು ಹತ್ತಿರದ ರೈತರದ್ದು, ಇನ್ನೊಂದು ಜರ್ಮನಿಯದ್ದು. ಬರೀ ಇಲ್ಲಿನದರಿಂದ ಬಿಸ್ಕತ್ತು, ಕೇಕು ಚೆನ್ನಾಗಿ ಬರುತ್ತದೆ. ಬ್ರೆಡ್ಡಿಗೆ ಬೇಕಾದ ಎಳೆತ ಬರಲು ಪ್ರೋಟೀನ್ ಜಾಸ್ತಿ ಇರುವ ಗೋಧಿ ಬೆರೆಸಬೇಕು. ಎಷ್ಟು ಬೆರೆಸಬೇಕು ಅನ್ನೋದು ಆ ವರ್ಷದ ಮಳೆಯ ಮೇಲೆ. ಕೊಯ್ಲಾದ ಮೇಲೆ ಮೊದಲು ತಾವೇ ಒಂದು ಬ್ರೆಡ್ ಮಾಡಿ ನೋಡುತ್ತಾರಂತೆ.

ಗೋಧಿ ಕಾಳಿನಲ್ಲಿ ಹೊರಗಿನ ತೌಡು ಸುಮಾರು ಶೇ 14, ಮೊಳಕೆಯ ಭಾಗ ಶೇ 2ರಿಂದ 3, ಉಳಿದದ್ದು ಬಿಳಿ ತಿರುಳು. ಕಲ್ಲು ಎಲ್ಲವನ್ನೂ ಒಟ್ಟಿಗೆ ಅರೆಯುತ್ತದೆ. ಉಕ್ಕಿನ ಉರುಳೆಗಳ ಗಿರಣಿ ಬಂದ ಮೇಲೆ, 19ನೇ ಶತಮಾನದ ಕೊನೆಯಲ್ಲಿ, ತೌಡು ಮತ್ತು ಮೊಳಕೆಯನ್ನು ಬೇರೆ ಮಾಡುವುದು ಸುಲಭವಾಯಿತು. ಬಿಳಿ ಹಿಟ್ಟು ತಿಂಗಳುಗಟ್ಟಲೆ ಕೆಡುವುದಿಲ್ಲ, ಏಕೆಂದರೆ ಎಣ್ಣೆಯಂಶ ಇರುವ ಮೊಳಕೆ ಅದರಲ್ಲಿ ಇಲ್ಲ. ಹಬೆಯಂತ್ರ ಮತ್ತು ಉರುಳೆ ಬಂದ ಮೇಲೆ ಗಾಳಿಗಿರಣಿಗಳು ಒಂದೊಂದಾಗಿ ನಿಂತವು. ಒಂದು ಕಾಲಕ್ಕೆ ಸುಮಾರು ಒಂಬತ್ತು ಹತ್ತು ಸಾವಿರ ಗಾಳಿಯಂತ್ರಗಳಿದ್ದ ದೇಶದಲ್ಲಿ ಈಗ ಉಳಿದಿರುವುದು ಸುಮಾರು 1,200. ಅವೂ ಉಳಿದದ್ದು ಜನರಿಂದ. 1923ರಲ್ಲಿ ಇವನ್ನು ಉಳಿಸಲು ಒಂದು ಸಂಘ ಹುಟ್ಟಿತು. 1972ರಲ್ಲಿ ಸಂಬಳವಿಲ್ಲದೆ ಗಿರಣಿ ನಡೆಸುವವರ ಕೂಟ ಹುಟ್ಟಿತು. 2017ರಲ್ಲಿ ಗಾಳಿ ಮತ್ತು ನೀರಿನ ಗಿರಣಿ ನಡೆಸುವ ಕಸುಬನ್ನೇ ಯುನೆಸ್ಕೊ ಪರಂಪರೆಯ ಪಟ್ಟಿಗೆ ಸೇರಿಸಿತು. ಕಟ್ಟಡ ಉಳಿಸಿದರೆ ಸಾಲದು, ಅದನ್ನು ಓಡಿಸುವ ಕೈ ಉಳಿಯಬೇಕು ಅನ್ನೋದನ್ನು ಇವರು ಅರ್ಥ ಮಾಡಿಕೊಂಡಿದ್ದಾರೆ. ನನಗೆ ಈ ಇಡೀ ಪಯಣದಲ್ಲಿ ಅತಿ ಹೆಚ್ಚು ಗೌರವ ಮೂಡಿದ್ದು ಇದರ ಬಗ್ಗೆ.

ತೌಡು ಸಮೇತದ ಹಿಟ್ಟು ಎರಡೂವರೆ ಕಿಲೊ ತೆಗೆದುಕೊಂಡೆ. ಕಾಗದದ ಚೀಲದ ಮೇಲೆ ಒಂದು ಪ್ಲಾಸ್ಟಿಕ್ ಚೀಲ ಕಟ್ಟಿ, ಹಿಂದಿನ ಚೀಲದ ತಳದಲ್ಲಿ, ಎದುರು ಬದಿಗೆ ಅಷ್ಟೇ ತೂಕ ಬರುವಂತೆ ಇಟ್ಟೆ. ಬೆವರಿದ ಬಟ್ಟೆ, ನೀರಿನ ಬಾಟಲಿ ಅದರ ಹತ್ತಿರ ಇಡಬಾರದು. ಬಿಸಿಲಿಗೂ ಬಿಡಬಾರದು. ಮನೆಯಲ್ಲಿ ತಂಪಾದ ಒಣ ಜಾಗದಲ್ಲಿಟ್ಟು ಎರಡು ಮೂರು ತಿಂಗಳೊಳಗೆ ಮುಗಿಸಬೇಕು ಅಂದಿದ್ದರು. ನಮ್ಮ ಮನೆಯಲ್ಲಿ ಅಷ್ಟು ದಿನ ಉಳಿಯಲೇ ಇಲ್ಲ.

ಎಲ್‌ಬರ್ಗ್‌ನಿಂದ ಮುಂದೆ ಮರೆ ಹುಡುಕುತ್ತಾ ಹೋದೆ. ಸರೋವರದ ಅಂಚಿನ ದಾರಿ ಚೆಂದ, ಆದರೆ ಗಾಳಿಗೆ ತೆರೆದದ್ದು. ಒಳಗಿನ ಕಾಡಿನ ಅಂಚಿನ ದಾರಿ ಸ್ವಲ್ಪ ಸುತ್ತು, ಆದರೂ ನಾನು ಅದನ್ನೇ ಹಿಡಿದೆ. ಎದುರುಗಾಳಿಯ ದಿನ ಮರಗಳ ನಡುವಿನ ಉದ್ದ ದಾರಿ ಬಯಲಿನ ಚಿಕ್ಕ ದಾರಿಗಿಂತ ಬೇಗ ಮುಗಿಯುತ್ತದೆ. ಬೆಳಿಗ್ಗೆ ಗಾಳಿ ಕಡಿಮೆ, ಮಧ್ಯಾಹ್ನ ಜಾಸ್ತಿ. ಹಾಗಾಗಿ ಆರಕ್ಕೇ ಹೊರಟು ಊಟದ ಹೊತ್ತಿಗೆ ಆ ದಿನದ ಮುಕ್ಕಾಲು ದಾರಿ ಮುಗಿಸುತ್ತಿದ್ದೆ.

ಈ ದಾರಿಗೆ ಹೋಗುವವರಿಗೆ ಇನ್ನೆರಡು ವಿಷಯ. ಗಾಳಿ ತೀರಾ ಜೋರಾದರೆ ರೈಲು ಹಿಡಿಯಲು ಹಿಂಜರಿಯಬೇಡಿ. ಸೈಕಲ್ಲಿಗೆ ಬೇರೆ ಟಿಕೆಟ್ ತೆಗೆದುಕೊಳ್ಳಬೇಕು. ಕೆಲಸದ ದಿನಗಳಲ್ಲಿ ಬೆಳಿಗ್ಗೆ, ಸಂಜೆಯ ಜನಜಂಗುಳಿ ಹೊತ್ತಿನಲ್ಲಿ ಸೈಕಲ್ಲನ್ನು ಒಳಗೆ ಬಿಡುವುದಿಲ್ಲ, ಜುಲೈ ಮತ್ತು ಆಗಸ್ಟಿನಲ್ಲಿ ಮಾತ್ರ ಆ ತಡೆ ಇರುವುದಿಲ್ಲ. ಗಿರಣಿ ನೋಡಬೇಕು ಅಂತಿದ್ದರೆ ಶನಿವಾರಕ್ಕೆ ಹೊಂದಿಸಿಕೊಳ್ಳಿ. ಸಂಬಳವಿಲ್ಲದೆ ದುಡಿಯುವ ಗಿರಣಿಯವರಲ್ಲಿ ಬಹಳ ಜನಕ್ಕೆ ಬಿಡುವು ಸಿಗುವುದು ಆವತ್ತೇ. ಮೇ ತಿಂಗಳ ಎರಡನೇ ವಾರಾಂತ್ಯ ದೇಶದ ಗಿರಣಿಗಳ ದಿನ. ಆಗ ನೂರಾರು ಗಿರಣಿಗಳು ಒಟ್ಟಿಗೆ ತೆರೆದಿರುತ್ತವೆ. ಗೋಧಿ ಇನ್ನೂ ಹಸಿರಾಗಿರುತ್ತದೆ, ಕೊಯ್ಲು ಸಿಗುವುದಿಲ್ಲ. ಎರಡೂ ಬೇಕು ಅನ್ನುವವರಿಗೆ ಆಗಸ್ಟಿನ ಮೊದಲ ಶನಿವಾರಗಳೇ ಸರಿ.